ಪಟ್ಟಿಯಲ್ಲಿಲ್ಲದ ಡಬ್ಬಿ

ಆರೂ ಮುಕ್ಕಾಲರ ಹೊತ್ತಿಗೆ ಗುಡ್ಡದ ಕೆಳಗಡೆ ತರಗೆಲೆ ಮುರಿದ ಸದ್ದಾಯಿತು. ವೀರಮ್ಮ ಪಕ್ಕದಲ್ಲಿ ಕೂತಿದ್ದ ರಶ್ಮಿಯ ಮಣಿಕಟ್ಟು ಹಿಡಿದು ಮೆಲ್ಲಗೆ ಒತ್ತಿದರು.

ಬರುತ್ತಿದ್ದವನು ಒಬ್ಬನೇ. ಕಿವಿ ಮುಚ್ಚುವ ಹಾಗೆ ಸುತ್ತಿದ ಮಫ್ಲರ್, ಖಾಲಿ ಕೈ. ಅತ್ತಿತ್ತ ನೋಡಲಿಲ್ಲ. ತನ್ನ ಮನೆಯ ಕೊಟ್ಟಿಗೆಗೆ ಹೋಗುವವನ ಹಾಗೆ ನೇರವಾಗಿ ಬಂಡೆಯ ಬುಡಕ್ಕೆ ನಡೆದು ಮಂಡಿಯೂರಿದ. ಚಪ್ಪಟೆ ಕಲ್ಲೊಂದನ್ನು ಸರಿಸಿ, ತೋಳನ್ನು ಹೆಗಲವರೆಗೂ ಸಂದಿಯೊಳಗೆ ತೂರಿಸಿ, ಹಸಿರು ಬಣ್ಣದ ಪ್ಲಾಸ್ಟಿಕ್ ಡಬ್ಬಿಯನ್ನು ಹೊರಗೆಳೆದ.

"ಅಲ್ಲೇ ಇಡು ಲಕ್ಷ್ಮೀಶ" ಅಂದರು ವೀರಮ್ಮ, ಪೊದೆಯ ಮರೆಯಿಂದ ಎದ್ದು.

ಇನ್ನೊಂದು ಬದಿಯಿಂದ ಎಸ್‌ಐ ಕಾರ್ತಿಕ ಮತ್ತು ಒಬ್ಬ ಪೇದೆ ಎದ್ದು ನಿಂತರು. ಲಕ್ಷ್ಮೀಶ ಡಬ್ಬಿ ಬಿಡಲಿಲ್ಲ. ಓಡಲೂ ಇಲ್ಲ. ಮೂವರ ಮುಖವನ್ನೂ ನೋಡಿ, ಕೊನೆಗೆ ರಶ್ಮಿಯ ಮುಖ ಕಂಡಾಗ ಕಣ್ಣು ತಗ್ಗಿಸಿದ.

ಎನ್.ಆರ್. ಪುರದ ಹೈಸ್ಕೂಲಿನ ಭೂಗೋಳದ ಮೇಷ್ಟ್ರು, ರಶ್ಮಿಯ ಗಂಡ ಸೋಮನಾಥ್ ಕಾಣೆಯಾಗಿ ಅದು ನಾಲ್ಕನೆಯ ಬೆಳಗು. ಭದ್ರಾ ಹಿನ್ನೀರಿನ ದಡದಲ್ಲಿ ಅವರ ಬೈಕು ಸಿಕ್ಕಿದ್ದರಿಂದ ದೋಣಿಗಳು ಇನ್ನೂ ಅಲ್ಲೇ ನೀರು ಜಾಲಾಡುತ್ತಿದ್ದವು.

ಆದರೆ ವೀರಮ್ಮ ನಿಂತಿದ್ದದ್ದು ಹಿನ್ನೀರಿನಿಂದ ಬಹಳ ದೂರದಲ್ಲಿ, ಕಿಗ್ಗದ ಮೇಲಿನ ಗುಡ್ಡದಲ್ಲಿ.

ಮೂವತ್ತಾರು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು ಎಎಸ್‌ಐ ಆಗಿ ನಿವೃತ್ತರಾದ ವೀರಮ್ಮನವರಿಗೆ ಈಗ ಅರವತ್ತೆರಡು. ಶನಿವಾರ ರಶ್ಮಿ ಕಡಹಿನಬೈಲಿನ ಅವರ ಮನೆಗೆ ಬಂದಾಗ ಎರಡು ವಸ್ತು ತಂದಿದ್ದಳು. ಒಂದು, ಗಂಡನ ಹಳೆಯ ಜಿಪಿಎಸ್ ಯಂತ್ರ. ಇನ್ನೊಂದು, ಅವನ ನೋಟ್‌ಪುಸ್ತಕ. ಗಂಡ ನೀರಿಗಿಳಿಯುವವನಲ್ಲ, ಮೊಣಕಾಲುದ್ದ ನೀರಿಗೂ ಹೆದರುತ್ತಿದ್ದ ಎಂದು ಅವಳು ಅತ್ತಿರಲಿಲ್ಲ, ವಾದ ಮಾಡಿದ್ದಳು.

ಬೈಕಿನ ಚೀಲದಲ್ಲಿ ಮೇಷ್ಟ್ರ ಹೊಸ ಯಂತ್ರವೂ ಸಿಕ್ಕಿತ್ತು. ಅದು ನಡೆದ ದಾರಿಯನ್ನೆಲ್ಲ ತಾನೇ ಗೀಟು ಹಾಕಿ ಇಟ್ಟುಕೊಳ್ಳುವ ಯಂತ್ರ. ಕಾರ್ತಿಕ ಅದನ್ನು ತೆರೆದು ನೋಡಿದರೆ ಒಂದು ಗೀಟೂ ಇರಲಿಲ್ಲ. ವೀರಮ್ಮನವರ ಲೆಕ್ಕ ಶುರುವಾದದ್ದು ಅಲ್ಲಿಂದ. ನೀರಿಗೆ ಬೀಳುವ ಮನುಷ್ಯ ಬೀಳುವ ಮೊದಲು ತನ್ನ ಜಾಡು ಅಳಿಸಿ ಹೋಗುವುದಿಲ್ಲ. ಅಳಿಸಿದವರು ಬೇರೆ. ಆ ಯಂತ್ರದ ಒಳಹೊರಗು ಬಲ್ಲವರು.

ನೋಟ್‌ಪುಸ್ತಕದ ಕೊನೆಯ ಪುಟದಲ್ಲಿ ಅಕ್ಷಾಂಶ, ರೇಖಾಂಶದ ಎರಡು ಸಾಲು. ಕೆಳಗೆ ಮೇಷ್ಟ್ರ ದುಂಡು ಅಕ್ಷರದಲ್ಲಿ: 'ಏಳನೇ ಡಬ್ಬಿ ಹುಡುಕುವಾಗ ಕಂಡದ್ದು. ನಮ್ಮ ಪಟ್ಟಿಯಲ್ಲಿ ಇಲ್ಲ. ಗುರುವಾರ ಮತ್ತೆ ಹೋಗಬೇಕು.'

ಪಟ್ಟಿ ಅಂದರೆ ಅವರ ಆಟದ ಪಟ್ಟಿ. ಜಿಯೋಕ್ಯಾಷಿಂಗ್ ಎನ್ನುವ ಆ ಆಟಕ್ಕೆ ಮೂರು ತಾಲ್ಲೂಕಿನಲ್ಲೂ ಸೇರಿ ಒಂಬತ್ತು ಜನ ಇದ್ದರು. ಒಬ್ಬರು ಕಾಡಲ್ಲೋ ರಸ್ತೆ ಬದಿಯಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಅದು ಇರುವ ಜಾಗದ ಅಂಕಿಗಳನ್ನು ಇಂಟರ್ನೆಟ್ಟಿಗೆ ಹಾಕುವುದು. ಉಳಿದವರು ಯಂತ್ರ ಹಿಡಿದು ಹುಡುಕಿ, ಒಳಗಿನ ಪುಸ್ತಕಕ್ಕೆ ರುಜು ಹಾಕಿ, ಇದ್ದ ಹಾಗೇ ಮುಚ್ಚಿಟ್ಟು ಬರುವುದು. ಒಂಬತ್ತರಲ್ಲಿ ಆರು ಜನ ಮೊಬೈಲಿನಲ್ಲೇ ಆಡುತ್ತಿದ್ದರು. ಕೈಯಲ್ಲಿ ಹಿಡಿಯುವ ಯಂತ್ರ ಇದ್ದದ್ದು ಮೂವರ ಹತ್ತಿರ. ಒಬ್ಬರು ಸೋಮನಾಥ್. ಇನ್ನೊಬ್ಬರು ಮಗಳ ಬಾಣಂತನಕ್ಕೆ ತಿಂಗಳಿಂದ ಮಂಗಳೂರಿನಲ್ಲಿದ್ದರು. ಮೂರನೆಯವನು ಕೊಪ್ಪದ ಮೊಬೈಲ್ ರಿಪೇರಿ ಅಂಗಡಿಯ ಲಕ್ಷ್ಮೀಶ.

ಭಾನುವಾರ ವೀರಮ್ಮ ಅವನ ಅಂಗಡಿಗೆ ಹೋದರು. ತನಿಖೆ ಅಂತ ಹೇಳಲಿಲ್ಲ. ಈ ಯಂತ್ರ ಹಿಡಿಯುವುದು ಹೇಗೆ, ಹೇಳಿಕೊಡು ಅಂದರು.

ಅವನು ಸಂತೋಷದಿಂದಲೇ ಹೇಳಿಕೊಟ್ಟ. ಒಳ್ಳೆಯ ಮೇಷ್ಟ್ರೇ. ಆನ್ ಮಾಡಿದ ಕೂಡಲೇ ಓಡಬಾರದು, ಬಯಲಲ್ಲಿ ನಿಂತು ಕಡಿಮೆ ಅಂದರೂ ನಾಲ್ಕು ಉಪಗ್ರಹ ಸಿಗುವವರೆಗೆ ಕಾಯಬೇಕು. ಅಂಕಿ ಒತ್ತುವಾಗ ಒಂದೊಂದನ್ನೂ ಬಾಯಲ್ಲಿ ಓದಿ ಒತ್ತಬೇಕು. ಬಾಣದ ಗುರುತು ನಿಂತವರಿಗೆ ದಾರಿ ತೋರಿಸುವುದಿಲ್ಲ, ನಡೆಯುವವರಿಗೆ ತೋರಿಸುತ್ತದೆ. ಮರದ ಕೆಳಗೆ ಲೆಕ್ಕ ಹತ್ತು ಹದಿನೈದು ಮೀಟರ್ ಅತ್ತಿತ್ತ ಆಗುತ್ತದೆ. ಅಷ್ಟು ಹತ್ತಿರ ಬಂದ ಮೇಲೆ ಯಂತ್ರವನ್ನು ಚೀಲಕ್ಕೆ ಹಾಕಿ ಕಣ್ಣಿಗೆ ಕೆಲಸ ಕೊಡಬೇಕು.

ಅಂದೇ ಮಧ್ಯಾಹ್ನ ಅವನ ಜೊತೆಗೇ ಕೊಪ್ಪದ ಹೊರಗೆ ಹೋಗಿ, ಹಳೆಯ ಮೈಲಿಗಲ್ಲಿನ ಹಿಂದೆ, ವೀರಮ್ಮ ತಮ್ಮ ಮೊದಲ ಡಬ್ಬಿ ಹುಡುಕಿದರು. ಕಲ್ಲಿನ ಬುಡದಲ್ಲಿ ಒಂದೇ ಒಂದು ಕಡೆ ಹುಲ್ಲು ನೆಲಕ್ಕೆ ಒತ್ತಿಕೊಂಡಿತ್ತು. ಕೈ ಹಾಕಿದರೆ ಡಬ್ಬಿ. ಪುಸ್ತಕಕ್ಕೆ ರುಜು ಹಾಕುವಾಗ ಅವರಿಗೆ ನಗು ತಡೆಯಲಾಗಲಿಲ್ಲ. ಮೊದಲ ಕಳ್ಳನನ್ನು ಹಿಡಿದ ದಿನವೂ ಅಷ್ಟು ಖುಷಿ ಆಗಿರಲಿಲ್ಲ.

ಹೊರಡುವಾಗ ಅವನಿಗೆ ಒಂದು ಚೀಟಿ ಕೊಟ್ಟರು. ಮೇಷ್ಟ್ರ ಪುಸ್ತಕದಲ್ಲಿದ್ದ ಜಾಗ ಇದು, ಕಿಗ್ಗದ ಹತ್ತಿರ ಅಂತೆ, ನಾಳೆ ಒಂಬತ್ತಕ್ಕೆ ಹೋಗೋಣ, ನೀನೂ ಬಾ ಅಂದರು. ಲಕ್ಷ್ಮೀಶ ಚೀಟಿ ನೋಡಿದ. ಈ ಜಾಗ ನಾನು ಕಂಡಿಲ್ಲ, ಆದರೂ ಬರ್ತೇನೆ ಅಂದ.

ಒಂಬತ್ತಕ್ಕೆ ಬರಬೇಕಾದವನು ಆರೂ ಮುಕ್ಕಾಲಿಗೇ ಬಂದಿದ್ದ.

"ನಿಮಗಿಂತ ಮೊದಲು ಒಂದು ಸಲ ನೋಡ್ಕೊಂಡು ಹೋಗೋಣ ಅಂತ ಬಂದೆ ಮೇಡಂ" ಅಂದ ಈಗ ಲಕ್ಷ್ಮೀಶ. ದನಿ ಸರಿಯಾಗಿಯೇ ಇತ್ತು. "ಅಂಕಿ ನೀವೇ ಕೊಟ್ಟಿದ್ದಲ್ವಾ?"

"ಚೀಟಿ ಎಲ್ಲುಂಟು?"

ಅಂಗಿಯ ಜೇಬಿನಿಂದ ತೆಗೆದು ಕೊಟ್ಟ. ವೀರಮ್ಮ ಅದನ್ನು ಕಾರ್ತಿಕನ ಕೈಗೆ ದಾಟಿಸಿದರು.

"ಈ ಅಂಕಿ ಹಿಡ್ಕೊಂಡೇ ಬಂದ್ಯಾ?"

"ಹೌದು."

"ನಿನ್ನ ಯಂತ್ರ?"

"ತಂದಿಲ್ಲ. ಮೊಬೈಲಲ್ಲಿ ನೋಡ್ಕೊಂಡು ಬಂದೆ. ಬೈಕಲ್ಲಿದೆ."

"ಮೊಬೈಲನ್ನ ಬೈಕಲ್ಲಿಟ್ಟು ಗುಡ್ಡ ಹತ್ತಿದ್ಯಾ ಮಾರಾಯ?"

ವೀರಮ್ಮ ನಾಲ್ಕು ಹೆಜ್ಜೆ ನಡೆದು ಬಂದು, ತಮ್ಮ ಕೈಯಲ್ಲಿದ್ದ ಹಳೆಯ ಯಂತ್ರವನ್ನು ಅವನ ಮುಖದ ಎದುರಿಗೆ ಹಿಡಿದರು. ಚೀಟಿಯ ಅಂಕಿಗಳನ್ನು ಅವರು ಆಗಲೇ ಅದಕ್ಕೆ ಒತ್ತಿಟ್ಟಿದ್ದರು. ಬಾಣ ಕೆಳಗಿನ ಹಳ್ಳದ ಕಡೆಗೆ ತಿರುಗಿತ್ತು. ಅದರ ಕೆಳಗೆ ದೂರ: ನೂರ ಎಂಬತ್ತೊಂದು ಮೀಟರ್.

"ನಿಂಗೆ ಕೊಟ್ಟ ಚೀಟೀಲಿ ಒಂದು ಅಂಕಿ ಬದಲಾಯಿಸಿದ್ದೆ" ಅಂದರು. "ಮೇಷ್ಟ್ರು ನಾಲ್ಕು ಅಂತ ಬರ್ದಿದ್ರು. ನಾನು ಮೂರು ಮಾಡಿದೆ. ಈ ಚೀಟಿ ನೆಚ್ಚಿ ಬಂದೋನು ಹಳ್ಳದಲ್ಲಿ ನಿಂತು ತಲೆ ಕೆರ್ಕೊಳ್ಬೇಕಿತ್ತು. ನೀನು ಇಲ್ಲಿಗೆ ಹೆಂಗೆ ಬಂದೆ?"

ಮರದ ಕೆಳಗೆ ಲೆಕ್ಕ ತಪ್ಪುತ್ತದೆ, ನಾನೇ ಹೇಳಿದ್ದೆನಲ್ಲ ಎಂದು ಲಕ್ಷ್ಮೀಶ ಏನೋ ತೊದಲಿದ.

"ನೀನು ಹತ್ತು ಹದಿನೈದು ಮೀಟರ್ ಅಂತ ಹೇಳ್ಕೊಟ್ಟಿದ್ದೆ. ನೂರ ಎಂಬತ್ತೊಂದು ಅಂತ ಹೇಳ್ಕೊಟ್ಟಿರ್ಲಿಲ್ಲ."

ಕಾರ್ತಿಕ ಮುಂದೆ ಬಂದು ಡಬ್ಬಿಯನ್ನು ತೆಗೆದುಕೊಂಡ. ಮೇಲೆ ಎಲ್ಲಾ ಡಬ್ಬಿಗಳಲ್ಲೂ ಇರುವಂಥದೇ ರುಜುವಿನ ಪುಸ್ತಕ. ಯಾರಾದರೂ ಕಂಡರೂ ಆಟದ ಡಬ್ಬಿ ಅಂದುಕೊಳ್ಳಲಿ ಅಂತ. ಅದರ ಕೆಳಗೆ ಹತ್ತಿಯಲ್ಲಿ ಸುತ್ತಿದ ಪೊಟ್ಟಣ. ಬಿಚ್ಚಿದರೆ ಅಂಗೈ ಮೇಲೆ ಆರು ಹುಲಿ ಉಗುರು. ಎರಡರ ಬುಡದಲ್ಲಿ ಒಣಗಿದ ಮಾಂಸ ಇನ್ನೂ ಅಂಟಿಕೊಂಡಿತ್ತು.

ಪೇದೆ ಮುಖ ತಿರುಗಿಸಿದ.

ಮೊದಲು ಮಾತಾಡಿದವಳು ರಶ್ಮಿ. ಎರಡು ಹೆಜ್ಜೆ ಮುಂದೆ ಬಂದಳು. ಅವಳ ಮನೆಯಲ್ಲಿ ಲಕ್ಷ್ಮೀಶ ಎಷ್ಟೋ ಸಲ ಊಟ ಮಾಡಿದ್ದ.

"ಅವ್ರು ಎಲ್ಲಿದ್ದಾರೆ? ಅಷ್ಟು ಹೇಳು ಸಾಕು."

ಲಕ್ಷ್ಮೀಶ ಬಂಡೆಗೆ ಬೆನ್ನು ಕೊಟ್ಟು ಕುಸಿದು ಕೂತ. ಆಮೇಲೆ ಅವನು ಹೇಳಿದ್ದನ್ನು ಕಾರ್ತಿಕ ಬರೆದುಕೊಳ್ಳುತ್ತಾ ಹೋದ. ಉಗುರು ಅವನದಲ್ಲ. ಯಾರೋ ತಂದು ಇಡುತ್ತಾರೆ, ಇನ್ಯಾರೋ ಬಂದು ಒಯ್ಯುತ್ತಾರೆ. ಜಾಗ ಹುಡುಕಿ, ಡಬ್ಬಿ ಇಟ್ಟು, ಅಂಕಿ ಕಳಿಸುವುದಷ್ಟೇ ತನ್ನ ಕೆಲಸ. ಮಾಡಿಸುವವರ ಮುಖ ಕಂಡಿಲ್ಲ. ಬರುವುದು ಮೆಸೇಜ್ ಮಾತ್ರ. ಗುರುವಾರ ಇಲ್ಲಿಗೆ ಬಂದಾಗ ಮೇಷ್ಟ್ರು ಡಬ್ಬಿ ತೆರೆದುಕೊಂಡು ಬಂಡೆಯ ಮೇಲೆ ಕೂತಿದ್ದರು. ಪೊಲೀಸರಿಗೆ ಕೊಡುತ್ತೇನೆ ಅಂದರು. ಡಬ್ಬಿಗೆ ಎಳೆದಾಟ ಆಯಿತು. ಮೇಷ್ಟ್ರು ಬಂಡೆಯ ಆಚೆ ಬದಿಗೆ ಉರುಳಿದರು.

"ನಾನು ಓಡಿಹೋದೆ. ಒಂದು ಗಂಟೆ ಬಿಟ್ಟು ಬಂದು ಇಣುಕಿದ್ರೆ ಕೆಳಗೆ ಯಾರೂ ಇರ್ಲಿಲ್ಲ. ಆಣೆ ಮಾಡ್ತೇನೆ ಅಕ್ಕ, ಯಾರೂ ಇರ್ಲಿಲ್ಲ."

ಕೆಳಗಿಳಿದು ನೋಡುವ ಧೈರ್ಯ ಅವನಿಗೆ ಬಂದಿರಲಿಲ್ಲ. ಆಗಿದ್ದನ್ನು ತಿಳಿಸಿದಾಗ, ಬೈಕನ್ನು ಹಿನ್ನೀರಿಗೆ ಸಾಗಿಸು, ಯಂತ್ರದಲ್ಲಿರುವ ಜಾಡು ಅಳಿಸು ಎಂದು ಮೆಸೇಜ್ ಬಂತು. ಮೇಷ್ಟ್ರು ಕೀಲಿಯನ್ನು ಬೈಕಿನಲ್ಲೇ ಬಿಡುವ ಅಭ್ಯಾಸದವರು. ಯಂತ್ರ ಬಂಡೆಯ ಮೇಲೇ ಬಿದ್ದಿತ್ತು. ಒಯ್ಯುವವರು ಬರಲಿ ಅಂತ ಡಬ್ಬಿಯನ್ನು ಮತ್ತೆ ಸಂದಿಗೆ ತೂರಿಸಿ, ಹೇಳಿದ ಹಾಗೆ ಮಾಡಿದ.

ವೀರಮ್ಮ ಬಂಡೆಯ ಮೇಲೆ ಹತ್ತಿ ಆಚೆ ಬಗ್ಗಿ ನೋಡಿದರು. ಎರಡಾಳು ಎತ್ತರ. ಕೆಳಗೆ ದಟ್ಟ ಜರಿಗಿಡ, ಅದರಾಚೆ ಇಳಿಜಾರು. ಬಿದ್ದವನು ಸಾಯಲೇಬೇಕು ಅಂತಿಲ್ಲ. ಬಂಡೆಯನ್ನು ಸುತ್ತಿ ಇಳಿಯಲು ದಾರಿ ಇತ್ತು. ಅರವತ್ತೆರಡರ ಮಂಡಿಯನ್ನು ಅವರು ಆ ದಿನ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕೆಳಗೆ ಜರಿಗಿಡಗಳು ಒಂದು ಕಡೆ ಮುರಿದು ಒಣಗಿದ್ದವು. ಮುರಿದ ಜಾಗದಿಂದ ಇಳಿಜಾರಿನತ್ತ ಮಣ್ಣು ಉಜ್ಜಿದ ಗುರುತು. ಅದೂ ಸ್ವಲ್ಪ ದೂರದಲ್ಲಿ, ಕಲ್ಲುನೆಲ ಬಂದಲ್ಲಿ ಮಾಯವಾಯಿತು. ವೀರಮ್ಮ ಯಂತ್ರವನ್ನು ಚೀಲಕ್ಕೆ ಹಾಕಿದರು. ಕಣ್ಣಿಗೆ ಕೆಲಸ ಕೊಟ್ಟರು.

ಕಲ್ಲಿನ ಮೇಲೆ ಒಂದು ನೀಲಿ ಗೋಲಿ ಕೂತಿತ್ತು.

ಬಿದ್ದದ್ದಲ್ಲ. ಉರುಳದ ಹಾಗೆ ಸಣ್ಣ ಕುಳಿಯಲ್ಲಿ ಇಟ್ಟದ್ದು. ವೀರಮ್ಮ ರಶ್ಮಿಯನ್ನು ಕೂಗಿ ಕರೆದರು. ರಶ್ಮಿ ಅದನ್ನು ಕಂಡವಳೇ ಎರಡು ಕೈಯನ್ನೂ ಬಾಯಿಗೆ ಒತ್ತಿಕೊಂಡಳು. ಡಬ್ಬಿ ಸಿಕ್ಕವರು ಒಳಗಿನ ಒಂದು ಸಣ್ಣ ವಸ್ತು ತೆಗೆದುಕೊಂಡು ಬದಲಿಗೆ ಇನ್ನೊಂದು ಇಡುವುದು ಆ ಆಟದ ಪದ್ಧತಿ. ಅದಕ್ಕೆಂದು ಮೇಷ್ಟ್ರ ಸೊಂಟದ ಚೀಲದಲ್ಲಿ ಯಾವಾಗಲೂ ಒಂದಷ್ಟು ಚಿಲ್ಲರೆ ಸಾಮಾನು ಇರುತ್ತಿತ್ತು. ಎನ್.ಆರ್. ಪುರದ ಫ್ಯಾನ್ಸಿ ಸ್ಟೋರಿನಲ್ಲಿ ಅದನ್ನೆಲ್ಲ ಆರಿಸಿ ತುಂಬಿಸಿದವಳು ರಶ್ಮಿಯೇ.

"ಗೋಲಿ ಹನ್ನೆರಡು ಇತ್ತು ಅಕ್ಕ" ಅಂದಳು. "ನಾಲ್ಕು ಪ್ಲಾಸ್ಟಿಕ್ ಕಾರು. ಒಂದು ಪ್ಯಾಕೆಟ್ ಗುಂಡಿ."

ಹತ್ತು ಹೆಜ್ಜೆ ಕೆಳಗೆ ಇನ್ನೊಂದು ಗೋಲಿ ಸಿಕ್ಕಿತು. ಆಮೇಲೆ ಬೇರಿನ ಮೇಲೆ ಒಂದು ಹಳದಿ ಕಾರು, ಮೂತಿ ಇಳಿಜಾರಿನ ಕಡೆಗೆ. ನಡೆಯಲಾಗದ ಮನುಷ್ಯ ತೆವಳುತ್ತಾ, ಹುಡುಕಿ ಬರುವವರಿಗೆ ಒಂದೊಂದೇ ಗುರುತು ಇಟ್ಟುಕೊಂಡು ಹೋಗಿದ್ದ. ರಶ್ಮಿ ಈಗ ವೀರಮ್ಮನವರಿಗಿಂತ ಮುಂದಿದ್ದಳು. ಸಿಕ್ಕ ಪ್ರತಿಯೊಂದನ್ನೂ ಸೆರಗಿನಲ್ಲಿ ಹಾಕಿಕೊಳ್ಳುತ್ತಾ, ಎಣಿಸುತ್ತಾ, ಓಡುತ್ತಲೇ ಇದ್ದಳು. ಗೋಲಿ ಮುಗಿದವು. ಕಾರು ಮುಗಿದವು. ಗುಂಡಿಗಳು ಶುರುವಾದವು. ಗುಂಡಿಗಳ ನಡುವಿನ ದೂರ ಕಡಿಮೆಯಾಗುತ್ತಾ ಬಂದು, ಕೊನೆಗೆ ಒಂದು ಮಾರಿಗೆ ಒಂದರಂತೆ ಕಾಣಿಸಿದವು. ಅಷ್ಟು ಹೊತ್ತಿಗೆ ಅವನ ಶಕ್ತಿಯೂ ಅಷ್ಟೇ ಉಳಿದಿತ್ತು.

ಕೊನೆಯ ಗುಂಡಿ ಕಾಫಿ ತೋಟದ ಬೇಲಿಯ ಬುಡದಲ್ಲಿ ಸಿಕ್ಕಿತು. ಬೇಲಿಯ ಆಚೆ ತೋಟದ ಕೆಲಸದವರ ಒಂದು ಒಂಟಿ ಮನೆ. ಅಂಗಳದಲ್ಲಿ ಒಬ್ಬ ಹೆಂಗಸು ಬಿಸಿನೀರಿನ ಹಂಡೆಗೆ ಸೌದೆ ಒಟ್ಟುತ್ತಿದ್ದಳು. ಬೇಲಿ ದಾಟಿ ಬಂದ ಇಬ್ಬರನ್ನೂ ಕಂಡು ಎದ್ದು ನಿಂತಳು. ರಶ್ಮಿಯ ಸೆರಗಿನಲ್ಲಿದ್ದ ಗೋಲಿಗಳನ್ನು ನೋಡಿದಳು.

"ಮೇಷ್ಟ್ರ ಹೆಂಡ್ತಿಯಾ?" ಅಂತ ಕೇಳಿದಳು. ಉತ್ತರಕ್ಕೆ ಕಾಯದೆ ಬಾಗಿಲಿನತ್ತ ಕೈ ತೋರಿಸಿದಳು.

ಒಳಗೆ ಚಾಪೆಯ ಮೇಲೆ ಸೋಮನಾಥ್ ಮಲಗಿದ್ದರು. ಬಲಗಾಲಿಗೆ ಬಿದಿರ ದಬ್ಬೆ ಕಟ್ಟಿತ್ತು, ಮುಖದಲ್ಲಿ ನಾಲ್ಕು ದಿನದ ಗಡ್ಡ. ಕಣ್ಣು ತೆರೆದಿತ್ತು. ರಶ್ಮಿ ಬಾಗಿಲಲ್ಲೇ ಕೂತುಬಿಟ್ಟಳು. ಸೆರಗಿನಿಂದ ಗೋಲಿಗಳು ನೆಲದ ಮೇಲೆಲ್ಲ ಉರುಳಿ ಹೋದವು. ಒಂದು ಮೇಷ್ಟ್ರ ಕೈಯವರೆಗೂ ಹೋಯಿತು.

"ಎಲ್ಲಾ ಸಿಕ್ತಾ?" ಅಂದರು ಅವರು.

"ಒಂದು ಗೋಲಿ ಕಡಿಮೆ ಇದೆ" ಅಂದಳು ರಶ್ಮಿ, ಅಳುತ್ತಾ.

ಹೊರಗೆ ಆ ಹೆಂಗಸು, ಕಲ್ಲಮ್ಮ, ವೀರಮ್ಮನವರಿಗೆ ಎಲ್ಲವನ್ನೂ ಹೇಳಿದಳು. ಗುರುವಾರ ಸಂಜೆ ಬೇಲಿಯ ಹತ್ತಿರ ಮೇಷ್ಟ್ರು ಸಿಕ್ಕಿದ್ದು, ಬಿದ್ದ ಪೆಟ್ಟಿಗೆ ಅವರ ಮೊಬೈಲು ಒಡೆದುಹೋಗಿತ್ತು. ಎರಡು ದಿನ ಜ್ವರದಲ್ಲಿ ಪ್ರಜ್ಞೆಯೇ ಇರಲಿಲ್ಲ. ಪ್ರಜ್ಞೆ ಬಂದ ಮೇಲೆ, ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ಹೇಳಬೇಡ, ಯಾರು ಯಾರ ಕಡೆ ಅಂತ ಗೊತ್ತಿಲ್ಲ ಅಂದರಂತೆ. ಕಿಗ್ಗಕ್ಕೆ ನಡೆದು ಹೋಗಿ ಅಂಗಡಿಯಿಂದ ಎರಡು ಸಲ ಫೋನ್ ಮಾಡಿದ್ದಳು. ಎರಡು ಸಲವೂ ಆ ಕಡೆಯವರು ಕಟ್ ಮಾಡಿದ್ದರು. ಮೇಷ್ಟ್ರ ಫೋಟೋ ಮೊಬೈಲುಗಳಲ್ಲಿ ಹರಿದಾಡಿದ ಮೇಲೆ ಬಂದ ಸುಳ್ಳು ಕರೆಗಳಿಂದ ಬೇಸತ್ತು, ಗುರುತಿಲ್ಲದ ನಂಬರು ಎತ್ತುವುದನ್ನೇ ರಶ್ಮಿ ನಿಲ್ಲಿಸಿದ್ದಳು.

"ಇವತ್ತು ಎನ್ನಾರ್ ಪುರಕ್ಕೇ ಹೊರಟಿದ್ದೆ" ಅಂದಳು ಕಲ್ಲಮ್ಮ. ತಲೆಗೆ ಎಣ್ಣೆ ಹಾಕಿ ಬಾಚಿಕೊಂಡಿದ್ದಳು, ಒಳ್ಳೆಯ ಸೀರೆ ಉಟ್ಟಿದ್ದಳು. ವೀರಮ್ಮ ಅವಳ ಎರಡೂ ಕೈ ಹಿಡಿದುಕೊಂಡರು.

ಒಂಬತ್ತು ಗಂಟೆಗೆ ತೋಟದ ಜೀಪಿನಲ್ಲಿ ಮೇಷ್ಟ್ರನ್ನು ಮಲಗಿಸಿ ಶೃಂಗೇರಿಯ ಆಸ್ಪತ್ರೆಗೆ ಕಳಿಸಿದರು. ಕಾರ್ತಿಕ ವೈರ್‌ಲೆಸ್ಸಿನಲ್ಲಿ ದೋಣಿಗಳನ್ನು ಹಿಂದಕ್ಕೆ ಕರೆಸಿ ಅಂತ ಹೇಳುವಾಗ, ದನಿಯಲ್ಲಿ ನಗು ಮುಚ್ಚಿಡಲು ಸೋತ. ಪೊಲೀಸ್ ಜೀಪು ಗುಡ್ಡ ಇಳಿಯಿತು. ಹಿಂದಿನ ಸೀಟಿನಲ್ಲಿ ಪೇದೆಯ ಪಕ್ಕ ಲಕ್ಷ್ಮೀಶ ತಲೆ ತಗ್ಗಿಸಿ ಕೂತಿದ್ದ. ಅವನ ಬೈಕಿನಿಂದ ತೆಗೆದ ಮೊಬೈಲು ಒಂದು ಪ್ಲಾಸ್ಟಿಕ್ ಚೀಲದಲ್ಲಿ ವೀರಮ್ಮನವರ ಮಡಿಲಲ್ಲಿತ್ತು. ಅವರು ಕಿಟಕಿಯಾಚೆ ನೋಡುತ್ತಿದ್ದರು. ಹೊಟ್ಟೆ ಹಸಿದಿತ್ತು, ಮಂಡಿ ನೋಯುತ್ತಿತ್ತು. ನಿವೃತ್ತಿಯ ಎರಡು ವರ್ಷದಲ್ಲಿ ಅಷ್ಟು ಹಗುರಾಗಿ ಅವರಿಗೆ ಎಂದೂ ಅನ್ನಿಸಿರಲಿಲ್ಲ.

ಕಿಗ್ಗದ ಹತ್ತಿರ, ಸಿಗ್ನಲ್ ಸಿಗುವ ತಿರುವಿನಲ್ಲಿ ಆ ಮೊಬೈಲು ಒಮ್ಮೆ ನಡುಗಿತು.

ಬೀಗ ಹಾಕಿದ ಪರದೆಯ ಮೇಲೆಯೇ ಮೆಸೇಜ್ ಕಾಣಿಸಿತು. ಹೆಸರಿಲ್ಲದ ನಂಬರು. ಒಂದು ಸಾಲು ಅಂಕಿ. ಅದರ ಕೆಳಗೆ ಮೂರು ಪದ: 'ಹೊಸದು. ಒಳಗೇ ಇಟ್ಟಾಗಿದೆ.'

ವೀರಮ್ಮ ಜೀಪು ನಿಲ್ಲಿಸಲು ಹೇಳಿ ಬಯಲಿಗೆ ಇಳಿದರು. ಯಂತ್ರ ಆನ್ ಮಾಡಿದರು. ನಾಲ್ಕು ಉಪಗ್ರಹ, ಐದು, ಏಳು. ಒಂದೊಂದೇ ಅಂಕಿಯನ್ನು ಬಾಯಲ್ಲಿ ಓದಿ ಒತ್ತಿದರು. ನಾಲ್ಕು ಹೆಜ್ಜೆ ನಡೆದಾಗ ಬಾಣ ನಿಧಾನವಾಗಿ ತಿರುಗಿ ಎನ್.ಆರ್. ಪುರದ ದಿಕ್ಕಿಗೆ ನಿಂತಿತು. ಅವರು ನಕ್ಷೆಯ ಪುಟಕ್ಕೆ ಹೋಗಿ ಹಿಗ್ಗಿಸುತ್ತಾ ಹೋದರು. ಮೊದಲು ಕಡಹಿನಬೈಲು ಎಂಬ ಹೆಸರು ಬಂತು. ಆಮೇಲೆ ಕೆರೆಯ ಏರಿ. ಏರಿಯನ್ನು ಬಳಸಿ ಹೋಗುವ ರಸ್ತೆಯ ತಿರುವು.

ಆ ಕೆರೆಗೂ ಆ ತಿರುವಿಗೂ ನಡುವೆ ಇರುವುದು ಒಂದೇ ಮನೆ.

"ಎಂತ ಮೇಡಂ?" ಅಂತ ಕಾರ್ತಿಕ ಹತ್ತಿರ ಬಂದ. "ಯಾರ ಮನೆ ಅದು?"

"ನಂದು" ಅಂದರು ವೀರಮ್ಮ.

ಬೆಳಗಿನ ಜಾವ ಹೊರಡುವಾಗ ಹಿಂಬಾಗಿಲ ಚಿಲಕವನ್ನು ಒಳಗಿನಿಂದ ಹಾಕಿದ್ದರು. ಮುಂಬಾಗಿಲಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿದ್ದರು. ಆ ಬೀಗಕ್ಕೆ ಕೀಲಿ ಇದ್ದದ್ದು ಎರಡೇ. ಒಂದು ಈಗಲೂ ಅವರ ಸೊಂಟದಲ್ಲಿತ್ತು. ಇನ್ನೊಂದನ್ನು, ಒಂಟಿಯಾಗಿರುವವಳು ಬೇಕಾದೀತು ಅಂತ, ಅವರೇ ಕಾರ್ತಿಕನ ಠಾಣೆಯಲ್ಲಿ ಕೊಟ್ಟಿಟ್ಟಿದ್ದರು.